ಯಂಕಮ್ಮ ನೀರು ಕುಡಿದ ದಿನ

ಮಹದೇವಪುರದ ಆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ರೇವತಿಯವರ ಬಾಲ್ಕನಿಯ ಮಲ್ಲಿಗೆಯಷ್ಟು ಸೊಂಪಾದ ಗಿಡ ಇನ್ನೊಂದಿರಲಿಲ್ಲ. ಬಂದವರೆಲ್ಲ "ಏನ್ ಗೊಬ್ಬರ ಹಾಕ್ತೀರಾ?" ಎಂದು ಕೇಳುವರು. ರೇವತಿಯವರಿಗೇ ಗೊತ್ತಿರಲಿಲ್ಲ. ಗೊತ್ತಿದ್ದವಳು ಮನೆಗೆಲಸದ ಯಂಕಮ್ಮ ಒಬ್ಬಳೇ. ಆ ಗಿಡ ಕುಡಿಯುತ್ತಿದ್ದುದು ಅವಳ ಪಾಲಿನ ನೀರು.

ರೇವತಿಯವರು ಕೆಟ್ಟವರೇನಲ್ಲ. ವಾಷಿಂಗ್ ಮೆಷಿನ್ ಮೇಲೆ ಯಂಕಮ್ಮನಿಗೆಂದೇ ಬೇರೆ ಇಟ್ಟಿದ್ದ ಸ್ಟೀಲ್ ಲೋಟದಲ್ಲಿ ದಿನವೂ ನೀರು ಕೊಡುತ್ತಿದ್ದರು. ಅವರು ಆಚೆ ತಿರುಗಿದ್ದೇ ತಡ, ಯಂಕಮ್ಮ ಅದನ್ನು ಗಿಡಕ್ಕೆ ಸುರಿದುಬಿಡುವಳು. ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ. ಹೋಗುವುದೆಲ್ಲಿಗೆ? ಕೆಲಸಕ್ಕೆ ಸೇರಿದ ದಿನವೇ ರೇವತಿಯವರು, "ಅದನ್ನೆಲ್ಲ ನಿಮ್ಮನೇಲೇ ಮುಗಿಸ್ಕೊಂಡು ಬಾ ಯಂಕಮ್ಮ" ಎಂದಿದ್ದರು. ಬೇಸ್‌ಮೆಂಟಿನಲ್ಲಿ ಕೆಲಸದವರಿಗೆಂದು ಒಂದು ಕಕ್ಕಸು ಇತ್ತು, ನಿಜ. ಅದಕ್ಕೆ ಚಿಲಕವಿಲ್ಲ. ಬಾಗಿಲ ಮುಂದೆಯೇ ಡ್ರೈವರುಗಳ ಹರಟೆ. ಹಾಗಾಗಿ ಬೆಳಿಗ್ಗೆ ಮನೆ ಬಿಟ್ಟವಳು ಮಧ್ಯಾಹ್ನ ವಾಪಸ್ಸಾಗುವ ತನಕ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ಅಲ್ಲಿ ಕೆಲಸಕ್ಕೆ ಬರುವ ಹೆಂಗಸರೆಲ್ಲರದೂ ಇದೇ ವ್ರತ. ಯಾವ ದೇವರಿಗೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ಬೇಸಿಗೆಯಲ್ಲಿ ಯಂಕಮ್ಮನಿಗೆ ಉರಿಮೂತ್ರ ಶುರುವಾಯಿತು. ಆಮೇಲೆ ಕಿಬ್ಬೊಟ್ಟೆ ನೋವು, ಚಳಿಜ್ವರ. ನಾಚಿಕೆಯಿಂದ ಗಂಡ ಬಸಣ್ಣನಿಗೂ ಹೇಳಲಿಲ್ಲ. ಒಂದು ದಿನ ಗೇಟಿನ ಹತ್ತಿರ ಕಣ್ಣಿಗೆ ಕತ್ತಲೆ ಬಂದು ಕುಸಿದಳು. ಅದೇ ಅಪಾರ್ಟ್‌ಮೆಂಟಿನಲ್ಲಿ ಅಡುಗೆ ಮಾಡುವ ಕೆ.ಆರ್. ಪುರದ ಮುನಿಲಕ್ಷ್ಮಮ್ಮ ಅವಳನ್ನು ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಪರೀಕ್ಷೆ ಮಾಡಿ ಕೇಳಿದರು, "ನೀರು ಕುಡಿಯಲ್ವಾ? ಬಂದ್ರೂ ತಡ್ಕೊಂಡಿರ್ತೀರಾ?"

ಯಂಕಮ್ಮ ತಲೆ ತಗ್ಗಿಸಿದಳು.

"ಸೋಂಕಾಗಿದೆ. ಹೀಗೇ ಬಿಟ್ರೆ ಕಿಡ್ನಿಗೆ ಹೋಗುತ್ತೆ. ಮಾತ್ರೆ ಪೂರ್ತಿ ಮುಗಿಸಿ, ಚೆನ್ನಾಗಿ ನೀರು ಕುಡೀರಿ, ಬಂದಾಗ ತಡ್ಕೋಬೇಡಿ. ಬರೀ ಮಾತ್ರೆ ನುಂಗಿದ್ರೆ ಮತ್ತೆ ಬರುತ್ತೆ."

ಹೊರಗಿನ ಬೆಂಚಿನ ಮೇಲೆ ಕೂತ ಯಂಕಮ್ಮನಿಗೆ ಅಳುವೇ ಬಂತು. "ಡಾಕ್ಟರ್ ಹೇಳಿದ್ರು. ಕುಡದು ಎಲ್ಲಿ ಹೋಗ್ಲಿ ಅಕ್ಕಾ?"

"ಕೇಳ್ಬೇಕು ಕಣಮ್ಮ. ಬಾಯಿಲ್ವಾ ನಿಂಗೆ?"

"ಬ್ಯಾಡ ಅಕ್ಕಾ. ನಮ್ಮೂರಾಗ ನಮ್ಮವ್ವ ಬಾವಿ ಹತ್ರ ಕೊಡ ಇಟ್ಕೊಂಡು ನಿಂತಿರತಿದ್ಲು. ನಮ್ಮ ಮಂದಿ ಬಾವಿ ಮುಟ್ಟಂಗಿಲ್ಲ. ಮೇಲ್ಜಾತಿಯೋರು ಬಂದು ಮ್ಯಾಲಿಂದ ಸುರೀಬೇಕು. ಹಾಕ್ರಿ ಅಂತ ಕೇಳಿದ್ರ ಸೊಕ್ಕು ಅಂತಿದ್ರು. ಬೆಂಗಳೂರಾಗ ಯಾರೂ ಜಾತಿ ಕೇಳಂಗಿಲ್ಲ ಅಂತ ಖುಷಿಪಟ್ಟಿದ್ದೆ."

"ಬಾಯಿ ಬಿಟ್ಟು ಕೇಳಲ್ಲ. ಲೋಟ ಬೇರೆ ಇಡ್ತಾರೆ, ಅಷ್ಟೇ. ನಿನ್ನ ಜಾತಿ ನೋಡಿ ಇಡ್ತಾರೆ, ಪಕ್ಕದ ಮನೆಗೆ ಕೆಲಸಕ್ಕೆ ಬರೋ ಇಮಾಮ್ ಬೀದು ಬುರ್ಖಾ ನೋಡಿ ಇಡ್ತಾರೆ, ನಂಗೆ ಕೆಲಸದೋಳು ಅಂತ ಇಡ್ತಾರೆ. ಬಾತ್‌ರೂಮ್ ಬಾಗಿಲಂತೂ ನಮಗ್ಯಾರಿಗೂ ತೆಗೆದಿಲ್ಲ." ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡಳು. "ನಾನು ಮನೆಗೆಲಸದೋರ ಸಂಘಕ್ಕೆ ಹೋಗ್ತೀನಲ್ಲ, ಅಲ್ಲಿ ಹೇಳ್ಕೊಟ್ಟಿದ್ದು ಇದೇ. ಒಬ್ಳೇ ಕೇಳಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ. ಎಲ್ರೂ ಒಂದೇ ದಿನ ಕೇಳಿದ್ರೆ ಎಷ್ಟು ಜನಕ್ಕೆ ಹಾಗನ್ನೋಕಾಗುತ್ತೆ?"

ಮನೆಯಲ್ಲಿ ಬಸಣ್ಣ ಇದನ್ನು ಕೇಳಿದವನೇ ರೇಗಿದ. "ಇದ್ದ ಕೆಲಸಾನೂ ಕಳಕೊಂತಿ. ಸುಮ್ನ ಹೊಂದ್ಕೊಂಡು ಹೋಗು."

"ಇಷ್ಟು ದಿನ ಹೊಂದ್ಕೊಂಡಿದ್ದಕ್ಕೇ ಹಿಂಗಾಗೇದ. ಕಿಡ್ನಿ ಹೋದ ಮ್ಯಾಲ ಕೆಲಸ ಇಟ್ಕೊಂಡು ಏನ್ ಮಾಡ್ಲಿ?"

ಬಸಣ್ಣ ಗೋಡೆ ಕಡೆ ತಿರುಗಿ ಮಲಗಿದ. ಆದರೆ ಅವಳು ಗುಣವಾಗಿ ಕೆಲಸಕ್ಕೆ ಹೊರಟ ಬೆಳಿಗ್ಗೆ, ಬಾಗಿಲ ಹತ್ತಿರ ನೀರಿನ ಬಾಟಲಿಯೊಂದು ತುಂಬಿ ನಿಂತಿತ್ತು. ಅವನೇ ತುಂಬಿಸಿಟ್ಟಿದ್ದ.

ಎಲ್ಲರೂ ಒಟ್ಟಿಗೇ ಕೇಳುವುದೆಂದು ಗೊತ್ತುಮಾಡಿದ್ದ ದಿನ ಅದು. ಗೇಟಿನಾಚೆ, ಎಳನೀರು ಗಾಡಿಯ ನೆರಳಿನಲ್ಲಿ ಹೆಂಗಸರೆಲ್ಲ ಸೇರಿದರು. ಮುನಿಲಕ್ಷ್ಮಮ್ಮ "ಹ್ಞೂಂ, ಕುಡೀರಿ" ಎಂದಿದ್ದೇ, ತಂತಮ್ಮ ಬಾಟಲಿ ಎತ್ತಿ ಗಟಗಟ ಕುಡಿದರು. "ಯಾ ಅಲ್ಲಾ, ಹೊಟ್ಟೆ ಕೊಡ ಆಗೋಯ್ತು!" ಎಂದಳು ಇಮಾಮ್ ಬೀ. ಎಲ್ಲರಿಗೂ ನಗುವೋ ನಗು. ನಗುತ್ತಲೇ ಒಳಗೆ ಹೋದರು.

ಯಂಕಮ್ಮ ಪಾತ್ರೆ ತೊಳೆದಳು, ಕಸ ಗುಡಿಸಿದಳು, ಬಾತ್‌ರೂಮ್ ತಿಕ್ಕಿದಳು. ಅಷ್ಟರಲ್ಲಿ ತಡೆಯಲಾಗಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತಿದ್ದ ರೇವತಿಯವರ ಹತ್ತಿರ ಬಂದು ನಿಂತಳು.

"ಅಮ್ಮಾರೆ, ಬಾತ್‌ರೂಮಿಗೆ ಹೋಗ್ಬೇಕ್ರಿ."

"ಕೆಳಗಿದೆಯಲ್ಲಾ?"

"ಅದಕ್ಕ ಚಿಲಕ ಇಲ್ರಿ. ಗಂಡಸ್ರು ನಿಂತಿರತಾರ."

ರೇವತಿಯವರು ತಡವರಿಸಿದರು. "ಅದು... ಯಾರ ಮನೇಲೂ ಆ ಥರ ಇಲ್ಲ ಯಂಕಮ್ಮ."

ಯಂಕಮ್ಮ ಬಾತ್‌ರೂಮಿನ ಬಾಗಿಲ ಕಡೆ ಕೈ ತೋರಿಸಿದಳು. "ದಿನಾ ಅದನ್ನ ತಿಕ್ಕಿ ತೊಳಿಯಾಕಿ ನಾನೇರಿ. ತೊಳಿಯಾಕ ಒಳಗ ಹೋಗಬೋದು, ನನ್ನ ಕಷ್ಟಕ್ಕ ಹೋಗಬಾರ್ದೇನ್ರಿ?"

ರೇವತಿಯವರು ಲ್ಯಾಪ್‌ಟಾಪ್ ಮುಚ್ಚಿದರು. ಮೆಲ್ಲಗೆ, "ಹೋಗು" ಎಂದರು.

ಎಲ್ಲ ಮನೆಗಳಲ್ಲೂ ಹೀಗಾಗಲಿಲ್ಲ. ಕೆಲವರು ಬಾಗಿಲು ತೆರೆದರು, ಕೆಲವರು ಬೈದರು. ಇಮಾಮ್ ಬೀಗೆ ಮಾತ್ರ "ನಾಳೆಯಿಂದ ಬರಬೇಡ" ಎಂದೇ ಬಿಟ್ಟರು.

ಮರುದಿನ ಬೆಳಿಗ್ಗೆ ಒಬ್ಬಳೂ ಮೇಲೆ ಹೋಗಲಿಲ್ಲ. ಇಮಾಮ್ ಬೀಯನ್ನು ನಡುವೆ ನಿಲ್ಲಿಸಿಕೊಂಡು ಗೇಟಿನಲ್ಲೇ ನಿಂತರು. ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ಸಿಂಕುಗಳಲ್ಲಿ ಪಾತ್ರೆ ರಾಶಿ ಬಿದ್ದವು, ಫೋನುಗಳು ಹೊಡೆದುಕೊಂಡವು. ಮುನಿಲಕ್ಷ್ಮಮ್ಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು, "ಅವ್ಳೂ ಬಂದ್ರೆ ನಾವೂ ಬರ್ತೀವಿ." ಕೊನೆಗೆ ಅಸೋಸಿಯೇಷನ್‌ನವರು ಕೆಳಗಿಳಿದು ಬಂದರು. ಅವರ ಜೊತೆ ರೇವತಿಯವರೂ ಇದ್ದರು. "ಅವರು ಕೇಳ್ತಿರೋದ್ರಲ್ಲಿ ತಪ್ಪೇನಿದೆ?" ಎಂದು ಮೊದಲು ಕೇಳಿದವರು ಅವರೇ. ಇಮಾಮ್ ಬೀ ಕೆಲಸಕ್ಕೆ ಮರಳಿದಳು. ಕ್ಲಬ್‌ಹೌಸಿನ ಬಾತ್‌ರೂಮು ಕೆಲಸದ ಹೆಂಗಸರಿಗೂ ತೆರೆಯಿತು. ಬೇಸ್‌ಮೆಂಟಿನದಕ್ಕೆ ಚಿಲಕ ಬಂತು.

ಬಸಣ್ಣ ಈಗ ತಾನು ಪೇಂಟ್ ಮಾಡುವ ಕಟ್ಟಡದಲ್ಲೂ ಹೆಂಗಸರಿಗೊಂದು ಬಾತ್‌ರೂಮ್ ಬೇಕೆಂದು ಮೇಸ್ತ್ರಿಯ ಬೆನ್ನು ಬಿದ್ದಿದ್ದಾನೆ. "ನನ್ನ ಹೇಣ್ತಿ ಕೇಳಿ ಗೆದ್ದಾಳ್ರಿ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ಹೊಂದಿಕೊಂಡು ಹೋಗು ಎಂದವನು ತಾನಲ್ಲವೇ ಅಲ್ಲ ಎನ್ನುವ ಹಾಗೆ.

ರೇವತಿಯವರ ಮನೆಯ ಆ ಬೇರೆ ಲೋಟ ಮಾತ್ರ ಇನ್ನೂ ವಾಷಿಂಗ್ ಮೆಷಿನ್ ಮೇಲೆಯೇ ಇತ್ತು. ಒಂದು ದಿನ ರೇವತಿಯವರು ಬಾಲ್ಕನಿಯಿಂದ ಕೂಗಿದರು, "ಈ ಮಲ್ಲಿಗೆಗೆ ಏನಾಯ್ತು ಯಂಕಮ್ಮ? ಒಣಗ್ತಾ ಇದೆ."

"ಇಷ್ಟು ದಿನ ಅದು ನನ್ನ ಪಾಲಿನ ನೀರು ಕುಡೀತಿತ್ರಿ ಅಮ್ಮಾರೆ. ಈಗ ನಾನೇ ಕುಡೀತೀನಿ."

ರೇವತಿಯವರು ಗಿಡದ ಕಡೆ ನೋಡಿದರು, ವಾಷಿಂಗ್ ಮೆಷಿನ್ ಮೇಲಿನ ಲೋಟದ ಕಡೆ ನೋಡಿದರು. ಅರ್ಥವಾದ ಮೇಲೆ ಅವರು ಅಡುಗೆಮನೆಗೆ ಹೋಗಿ, ತಾವು ಕುಡಿಯುವ ಲೋಟಗಳಲ್ಲೇ ಒಂದನ್ನು ತುಂಬಿ ತಂದು ಯಂಕಮ್ಮನ ಕೈಗಿಟ್ಟರು. ಆಮೇಲೆ ಗಿಡಕ್ಕೆ ನೀರು ಹಾಕಿದರು.

ಅಕ್ಕ ತಂಗಿಯರೇ, ಕೆಲಸಕ್ಕೆ ಹೋಗುವಾಗ ಬಾಯಾರಿಕೆ ಕಟ್ಟಿಕೊಂಡು ಹೋಗಬೇಡಿ. ಉರಿ, ನೋವು ಇದ್ದರೆ ನಾಚದೆ ಆಸ್ಪತ್ರೆಗೆ ಹೋಗಿ. ನಿಮ್ಮ ಜೊತೆ ಕೆಲಸ ಮಾಡುವವರನ್ನು ಸೇರಿಸಿಕೊಂಡು, ಒಟ್ಟಿಗೆ ನಿಂತು ಕೇಳಿ. ಕೇಳುವುದು ಸೊಕ್ಕಲ್ಲ.

ಮನೆಯೊಡೆಯರೇ, ನಿಮ್ಮನ್ನೂ ಒಂದು ಮಾತು ಕೇಳುತ್ತೇವೆ. ಇವತ್ತು ನಿಮ್ಮ ಮನೆಗೆ ಕೆಲಸಕ್ಕೆ ಬಂದವರು ನೀರು ಕುಡಿದರೇ? ಕುಡಿಯದಿದ್ದರೆ ಯಾಕೆ ಎಂದು ಕೇಳಿ ನೋಡಿ.