ಮೆಟ್ಟಿಲು ಎಣಿಸದ ಮದುವೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಮ್ಮದು ಬಡಗಿಗಳ ಮನೆ. ಯಾರ್ಯಾರದೋ ಮನೆಗೆ ಬಾಗಿಲು, ಕಿಟಕಿ, ಮಂಚ ಮಾಡಿಕೊಟ್ಟವರು ನಾವು. ಹಾಗಾಗಿ ನನ್ನ ಮದುವೆ ನಿಶ್ಚಯವಾದಾಗ ನಮಗೆ ಸ್ವಲ್ಪ ಜಂಬವೇ ಇತ್ತು. ಊರಿನವರ ಮನೆಗೆಲ್ಲ ಅಳತೆ ಹಿಡಿದವರಿಗೆ ಒಂದು ಮದುವೆ ಯಾವ ಮಹಾ ಎಂದುಕೊಂಡಿದ್ದೆವು.

ಹಾಲ್ ನೋಡಲು ಅಪ್ಪ, ನಾನು, ನನ್ನನ್ನು ಮದುವೆಯಾಗಲಿದ್ದವರು ಮೂವರೂ ಹೋದೆವು. ಹಾಲ್ ಮೇಲಿನ ಮಹಡಿಯಲ್ಲಿತ್ತು. ಅಪ್ಪನ ಜೇಬಿನಲ್ಲಿ ಎಂದಿನಂತೆ ಟೇಪು. ನಾನೂ ಅವರೂ ಕೂರುವ ಜೋಡಿ ಕುರ್ಚಿಯನ್ನು ಅಪ್ಪ ಕೈಯಾರೆ ಮಾಡುತ್ತಿದ್ದರು. ಅದು ತೂರುತ್ತದೆಯೇ ಎಂದು ಬಾಗಿಲನ್ನು ಅಳೆದರು. ಹೊತ್ತು ತರುವಾಗ ಸಿಕ್ಕಿಕೊಳ್ಳಬಾರದಲ್ಲ ಎಂದು ಮೆಟ್ಟಿಲಿನ ತಿರುವನ್ನೂ ಅಳೆದರು. ಕುರ್ಚಿ ಮೇಲೆ ಹೋಗುತ್ತದೆಯೇ ಎಂದು ಮೂರು ಜನ ತಲೆ ಕೆಡಿಸಿಕೊಂಡೆವು. ದೊಡ್ಡಮ್ಮ ಮೇಲೆ ಹೋಗುತ್ತಾಳೆಯೇ ಎಂದು ಒಬ್ಬರೂ ಯೋಚಿಸಲಿಲ್ಲ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಮ್ಮನನ್ನೂ ಸಾಕಿದವಳು ಅವಳೇ. ಅಪ್ಪ ಮಾಡಿದ ಸಾಮಾನಿಗೆಲ್ಲ ಉಪ್ಪುಕಾಗದ ಉಜ್ಜಿ, ಪಾಲಿಶ್ ಹಚ್ಚುವ ಕೆಲಸ ಅವಳದು. ಸ್ಟೂಲಿನ ಮೇಲೆ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಕೆಲಸದ ಮೇಲೆ ಎಷ್ಟು ಆಸೆ ಎಂದು ನಾವು ಹೊಗಳುತ್ತಿದ್ದೆವು. ಮಂಡಿ ನೋವಿಗೆ ಏಳಲಾಗದೆ ಕೂತಿರುತ್ತಿದ್ದಳು ಎಂದು ಹೊಳೆಯಲೇ ಇಲ್ಲ. ಎರಡು ವರ್ಷದಿಂದ ಬಟ್ಟೆ ಒಣಗಿಸಲು ತಾರಸಿಗೆ ತಮ್ಮನನ್ನೇ ಕಳಿಸುತ್ತಿದ್ದಳು. ಅವನು ಸೋಮಾರಿಯಾಗಬಾರದು ಎಂದು ಕಾರಣ ಹೇಳುತ್ತಿದ್ದಳು. ನಾವು ನಂಬಿದೆವು.

ಒಂದು ಸಲ ಕೇಳಿದ್ದು ನಿಜ. ಮನೆ ತುಂಬ ನೆಂಟರಿದ್ದಾಗ, "ಹಾಲ್ ಮಹಡಿ ಮೇಲಿದೆ, ಬರ್ತೀಯ ಅಲ್ವಾ ದೊಡ್ಡಮ್ಮ?" ಎಂದೆ.

"ನನ್ ಮಗಳ ಮದುವೆಗೆ ನಾನ್ ಬರ್ದೆ ಇನ್ಯಾರ್ ಬರ್ತಾರೆ?" ಎಂದಳು. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಮದುವೆಯ ದಿನ ಬೆಳಿಗ್ಗೆ ಅವಳು ಎಂಟು ಮೆಟ್ಟಿಲು ಹತ್ತಿದಳಂತೆ. ಕಂಬಿ ಹಿಡಿದು ನಿಂತಳಂತೆ. ಹಿಂದೆ ಬಂದವರು ಸಾಲುಗಟ್ಟಿ ಕಾಯುತ್ತಿದ್ದುದನ್ನು ನೋಡಿ, ನೀವು ಹೋಗಿ ಎಂದು ಪಕ್ಕಕ್ಕೆ ಸರಿದು, ಮೆಲ್ಲಗೆ ಕೆಳಗಿಳಿದಳಂತೆ. ಅಪ್ಪ ನಾಲ್ಕು ಜನರನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗೋಣ ಎಂದರೆ ಒಪ್ಪಲಿಲ್ಲ. ಸಾಮಾನು ಸಾಗಿಸುವ ಹಾಗೆ ನನ್ನನ್ನು ಸಾಗಿಸಬೇಡಿ ಎಂದುಬಿಟ್ಟಳಂತೆ.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮದುವೆಯ ದಾಖಲೆಗೆ ಸಾಕ್ಷಿ ಸಹಿ ಹಾಕುವ ಹೊತ್ತು ಬಂದಾಗ ದೊಡ್ಡಮ್ಮನನ್ನು ಕರೆಯಿರಿ ಎಂದೆ. ತಮ್ಮ ಕೆಳಗೆ ಓಡಿಹೋಗಿ ಬಂದು, ಅವಳು ಬರಲ್ಲವಂತೆ, ಮುಂದುವರಿಸಿ ಅಂದಳು ಎಂದ. ಅಧಿಕಾರಿಗೆ ಅವಸರ, ಫೋಟೊದವನಿಗೆ ಅವಸರ. ಅತ್ತೆಯ ತಂಗಿ ಸಹಿ ಹಾಕಿದರು. ಆ ದಾಖಲೆಯನ್ನು ನಾನೇ ಕೆಳಗೆ ಒಯ್ಯಬಹುದಿತ್ತು. ಇಪ್ಪತ್ತಾರು ಮೆಟ್ಟಿಲು, ಎರಡು ನಿಮಿಷದ ಕೆಲಸ. ಹೋಗಲಿಲ್ಲ.

ಎಲ್ಲ ಮುಗಿದು ಕೆಳಗಿಳಿದಾಗ ಅವಳು ಗಾಡಿ ನಿಲ್ಲಿಸುವ ಜಾಗದಲ್ಲಿ, ಜನರೇಟರಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಕೈಚೀಲ. ನನ್ನ ಕೆನ್ನೆ ಸವರಿದಳು.

"ಎಲ್ಲಾ ಕೇಳಿಸ್ತು ಕಣೆ. ಮೈಕು ಚೆನ್ನಾಗಿತ್ತು," ಎಂದಳು.

ಆಮೇಲೆ ಅವಳು ಮೂರು ವರ್ಷ ಬದುಕಿದ್ದಳು. ಆ ಮಾತನ್ನು ಅವಳು ಎತ್ತಲೇ ಇಲ್ಲ. ಕ್ಷಮಿಸು ಎಂದು ಒಂದು ದಿನ ಬಾಯಿ ತೆರೆದಾಗ ಪಾಲಿಶ್ ಡಬ್ಬಿ ಖಾಲಿಯಾಗಿದೆ ಎಂದು ಮಾತು ತೇಲಿಸಿದಳು. ನಮ್ಮ ಮದುವೆಯ ಆಲ್ಬಮ್ಮಿನ ಒಂದು ಫೋಟೊದಲ್ಲೂ ಅವಳಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನಂಥವರಿಗೇ ಇರಬೇಕು.

ಈ ವರ್ಷ ತಮ್ಮನ ಮದುವೆ ಗೊತ್ತಾಯಿತು. ಅವನೂ ಅವನ ಹುಡುಗಿಯೂ ಸೇರಿ ಮೂರನೆಯ ಮಹಡಿಯ ಮೇಲಿನ ತೆರೆದ ತಾರಸಿಯೊಂದನ್ನು ಮೆಚ್ಚಿ ಬಂದರು. ಅಲ್ಲಿಂದ ಇಡೀ ಊರು ಕಾಣುತ್ತದಂತೆ. ಲಿಫ್ಟ್ ಇದೆಯೇ ಎಂದು ಕೇಳಿದೆ. ಇಲ್ಲ ಎಂದ.

"ಬೇಡ ಕಣೋ," ಎಂದೆ.

"ಒಬ್ರಿಗೋ ಇಬ್ರಿಗೋ ಕಷ್ಟ ಆಗತ್ತೆ ಅಂತ ಎಲ್ರ ಖುಷೀನೂ ಬಿಡೋಕಾಗತ್ತಾ ಅಕ್ಕ? ಅವತ್ತು ದೊಡ್ಡಮ್ಮನೇ ತಾನೆ ಬರಲ್ಲ ಅಂದಿದ್ದು. ಯಾರಾದ್ರೂ ತಡೆದ್ರಾ?"

ಮಂಚದ ಕಾಲು ರಿಪೇರಿಗೆ ಕೊಡಲು ಬಂದಿದ್ದ ನರ್ಸಕ್ಕ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡರು. ನಮ್ಮ ಬೀದಿಯವರೇ, ಆರೋಗ್ಯ ಕೇಂದ್ರದಲ್ಲಿ ಕೆಲಸ.

"ಬರಲ್ಲ ಅಂದಿದ್ದಲ್ಲಪ್ಪ ಅದು. ಆಗಲ್ಲ ಅನ್ನೋಕೆ ನಾಚಿಕೆ," ಎಂದರು. "ಬರ್ತೀರಾ ಅಂತ ಕೇಳಿದ್ರೆ ಹಾಸಿಗೆ ಹಿಡಿದವರೂ ಬರ್ತೀವಿ ಅಂತಾರೆ. ನಿಲ್ಲದೆ ಎಷ್ಟು ಮೆಟ್ಟಿಲು ಹತ್ತಬಲ್ಲಿರಿ ಅಂತ ಕೇಳಿ ನೋಡು."

ಕೇಳುವುದಕ್ಕೂ ಒಂದು ರೀತಿ ಇದೆ ಎಂದರು. ನಾಲ್ಕು ಜನರ ಮುಂದೆ ಕೇಳಬಾರದು, ಒಬ್ಬರೇ ಇದ್ದಾಗ ಕೇಳಬೇಕು. ಎಷ್ಟು ಹೊತ್ತು ಕೂರಬಹುದು, ಶೌಚಕ್ಕೆ ಕೂರುವ ಕಮೋಡ್ ಬೇಕೇ, ಕಿವಿ ಮಂದವೇ, ಮಾತ್ರೆ ತಗೊಳ್ಳುವ ಹೊತ್ತು ಯಾವುದು, ಇಷ್ಟು ತಿಳಿದ ಮೇಲೆ ಜಾಗ ಹುಡುಕಬೇಕು. ಜಾಗ ಹಿಡಿದ ಮೇಲೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ ಎಂದರು.

ಹುಡುಗಿಗೆ ಇದು ಹಿಡಿಸಲಿಲ್ಲ. ಅವರ ಮನೆಯಲ್ಲಿ ವಯಸ್ಸಾದವರೆಂದರೆ ಅಪ್ಪ ಒಬ್ಬರೇ. ನಿವೃತ್ತ ಬಸ್ ಡ್ರೈವರ್, ದಿನಾ ವಾಕಿಂಗ್ ಹೋಗುತ್ತಾರೆ, ಗುಂಡುಕಲ್ಲಿನ ಹಾಗಿದ್ದಾರೆ ಎಂದಳು. ಕೇಳುವುದರಲ್ಲಿ ಕಳೆದುಕೊಳ್ಳುವುದೇನು ಎಂದು ನಾನೇ ತಮ್ಮನನ್ನು ಎಳೆದುಕೊಂಡು ಭಾನುವಾರ ಅವರ ಮನೆಗೆ ಹೋದೆ.

ಹುಡುಗಿ ಒಳಗೆ ಹೋದಾಗ ತಮ್ಮ ತಡವರಿಸುತ್ತ ಕೇಳಿದ. "ಮಾವ, ನಿಲ್ದೆ ಎಷ್ಟು ಮೆಟ್ಟಿಲು ಹತ್ತೋಕಾಗತ್ತೆ ನಿಮಗೆ?"

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿದರು. ದನಿ ತಗ್ಗಿಸಿದರು.

"ಐದು. ಆಮೇಲೆ ಎದೆ ಹಿಡ್ಕೊಳ್ಳತ್ತೆ. ವಾಕಿಂಗ್ ಅಂತ ಹೋಗಿ ಮೂಲೆ ಅಂಗಡಿ ಬೆಂಚಲ್ಲಿ ಕೂತು ಬರ್ತೀನಿ. ಅವಳಿಗೆ ಹೇಳ್ಬೇಡಿ. ಪಾಪ, ಆ ಜಾಗ ಅಂದ್ರೆ ಅವಳಿಗೆ ಪ್ರಾಣ. ಮದುವೆ ದಿನ ಜ್ವರ ಅಂತ ಹೇಳಿ ಮನೇಲೇ ಉಳ್ಕೊಳ್ಳೋಣ ಅಂತ ಮಾಡಿದ್ದೆ."

ಹುಡುಗಿ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲೋಟ ಕೆಳಗಿಟ್ಟು ಅಪ್ಪನ ಪಕ್ಕ ಕೂತು, ತಾರಸಿ ಬೇಡ ಎಂದಳು. ಅಷ್ಟು ಹೇಳಿ ಅತ್ತಳು. ಮರುದಿನ ನರ್ಸಕ್ಕನೇ ಮುಂದೆ ನಿಂತು ಅವರನ್ನು ಡಾಕ್ಟರಿಗೆ ತೋರಿಸಿದರು. ಮದುವೆ ಈಗ ಒಂದು ಶಾಲೆಯ ಅಂಗಳದಲ್ಲಿ. ಊರು ಕಾಣುವುದಿಲ್ಲ, ಆದರೆ ಒಂದೂ ಮೆಟ್ಟಿಲಿಲ್ಲ.

ಆ ಭಾನುವಾರ ತಮ್ಮನೂ ನಾನೂ ಮನೆಗೆ ಮರಳಿದೆವು. ಬಾಗಿಲ ಹತ್ತಿರ ಬಂದ ಮೇಲೆ, "ಅವತ್ತು ಕೆಳಗೆ ಓಡಿ ಹೋಗಿದ್ದು ನಾನಲ್ವಾ ಅಕ್ಕ. ಬರ್ತೀಯಾ ಅಂತಷ್ಟೇ ಕೇಳಿ ವಾಪಸ್ ಓಡಿಬಂದೆ," ಎಂದ.

ಮದುವೆಗೆ ಸಿದ್ಧವಾಗುತ್ತಿರುವ ಹುಡುಗ ಹುಡುಗಿಯರೇ, ಮದುವೆಯ ಹಾಲ್‌ಗೆ ಮುಂಗಡ ಕೊಡುವ ಮೊದಲು ಇಬ್ಬರೂ ಜೊತೆಯಲ್ಲಿ ಕೂತುಕೊಳ್ಳಿ. ಯಾರಿಲ್ಲದಿದ್ದರೆ ನಿಮ್ಮ ಮದುವೆ ಮದುವೆ ಅನ್ನಿಸುವುದಿಲ್ಲವೋ ಅವರ ಹೆಸರು ಬರೆಯಿರಿ. ಒಬ್ಬೊಬ್ಬರ ಹತ್ತಿರ ಹೋಗಿ, ಒಬ್ಬರೇ ಇರುವಾಗ, ಬಿಡಿಸಿ ಕೇಳಿ. ಅವರು ತಾವಾಗಿ ಹೇಳುವುದಿಲ್ಲ. ನಿಮ್ಮ ಖುಷಿ ಕೆಡಬಾರದೆಂದು ಒಂದು ಸುಳ್ಳನ್ನು ಆಗಲೇ ಹೊಂದಿಸಿಟ್ಟುಕೊಂಡಿರುತ್ತಾರೆ. ಇವತ್ತೇ ಹೋಗಿ. ನಾನು ಕೇಳಬೇಕಾಗಿದ್ದವಳು ಈಗ ಇಲ್ಲ.