ಇಬ್ಬರು ಬೀಗತಿಯರು ಕಂಡ ಬೆಳ್ಳಿಗುಂಡು

ಹತ್ತಿ ಬಿಡಿಸಿ ಮನೆಗೆ ಹೊರಟಿದ್ದ ಬಾಗಲವಾಡದ ಹೆಂಗಸರೆಲ್ಲ ಅದನ್ನು ನೋಡಿದರು. ಬೆಳ್ಳಗೆ, ದುಂಡಗೆ, ಆಕಾಶದಲ್ಲಿ ಅಲುಗಾಡದೆ ನಿಂತಿತ್ತು. ರೆಕ್ಕೆ ಇಲ್ಲ, ಸದ್ದಿಲ್ಲ, ಹಿಂದೆ ಹೊಗೆಯ ಗೆರೆಯೂ ಇಲ್ಲ. ಗೋಪಮ್ಮ ಹೊಲದ ಬದುವಿನಲ್ಲೇ ನಿಂತು ಮಗಳಿಗೆ ಫೋನ್ ಮಾಡಿದಳು.

"ಮೌನಿ, ನಿಮ್ಮತ್ತಿ ಊರ ಮ್ಯಾಲ, ದೇವದುರ್ಗದ ಮ್ಯಾಲ ಒಂದು ಗುಂಡು ನಿಂತದ ನೋಡವ್ವಾ. ಥಳಥಳ ಹೊಳ್ಯಾಕತ್ತದ!"

ಮಗಳು ಮೌನೇಶ್ವರಿ ಯರಗೇರಾದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಗಂಡ ಆನಂದನ ಜೊತೆ ರಾಯಚೂರಿನಲ್ಲಿ ವಾಸ. ಆಕೆ ತಾರಸಿಗೆ ಓಡಿದಳು. ರಾಯಚೂರಿನ ಮೇಲೆ ಮೋಡ ಕವಿದಿತ್ತು, ಏನೂ ಕಾಣಲಿಲ್ಲ. ಮೆಟ್ಟಿಲು ಇಳಿಯುವಷ್ಟರಲ್ಲಿ ದೇವದುರ್ಗದಿಂದ ಅತ್ತೆ ಮಾನಮ್ಮನ ಫೋನು ಬಂತು.

"ನಿಮ್ಮವ್ವಗ ಹೇಳು, ಅವರೂರ ಮ್ಯಾಲ ಏನೋ ಬೆಳ್ಳಿಗುಂಡು ಬಂದು ನಿಂತದ."

ಮದುವೆಯಲ್ಲಿ ಗಂಡಿನ ಕಡೆಯವರ ಕೊನೆಯ ಪಂಕ್ತಿಗೆ ಹುಗ್ಗಿ ಸಾಲದೆ ಹೋದಾಗಿನಿಂದ ಈ ಬೀಗತಿಯರು ನೇರ ಮಾತಾಡುತ್ತಿರಲಿಲ್ಲ. ಏನಿದ್ದರೂ ಮೌನೇಶ್ವರಿಯ ಮೂಲಕವೇ. ಮರುದಿನವೂ ಹಾಗೇ ಆಯಿತು.

"ನಮ್ಮೂರ ಮ್ಯಾಲಿದ್ರ ನನ್ನ ನೆತ್ತಿ ಮ್ಯಾಲ ಕಾಣಬೇಕಿತ್ತಲ್ಲ? ನಿಮ್ಮವ್ವ ಸುಳ್ಳು ಹೇಳ್ತಾಳ," ಎಂದಳು ಮಾನಮ್ಮ. ಗೋಪಮ್ಮನೂ ಅದೇ ಮಾತು ಅಂದಳು, ಬೀಗತಿಯ ಬಗ್ಗೆ.

ಮೌನೇಶ್ವರಿಗೆ ನಗು ಬಂತು. ಇಬ್ಬರ ಮಾತೂ ಖರೆ ಇದ್ದರೆ ಗುಂಡು ಎರಡೂ ಊರುಗಳ ನಡುವೆ, ಬಹಳ ಎತ್ತರದಲ್ಲಿ ಇದ್ದಿರಬೇಕು.

ತರಗತಿಯಲ್ಲಿ ವಿದ್ಯಾರ್ಥಿಗಳು ಬೇರೆ ಬೇರೆ ದೇಶಗಳಲ್ಲಿ ಕಂಡ ಗುಂಡುಗಳ ವಿಡಿಯೊ ತೋರಿಸಿದರು. ಭೂಮಿಯ ಸೆಳೆತವನ್ನೇ ಹಿಂದಕ್ಕೆ ತಳ್ಳುವ ಯಂತ್ರ ಅದರೊಳಗೆ ಇದೆಯೆಂದು ಒಬ್ಬ ವಾದಿಸಿದ.

"ಜೋರ ಹೋಗೋದಕ್ಕ ಗುಂಡನ ಆಕಾರ ಚಲೋ ಅಲ್ಲ, ಗಾಳಿ ಹಿಡದು ಎಳೀತದ. ತೇಲಾಕ ಮಾತ್ರ ಚಲೋ," ಎಂದಳು ಮೌನೇಶ್ವರಿ. "ಬಲೂನ್ ಇರಬೇಕು. ಆದ್ರ ಮೊದಲು ಅಳೀಬೇಕು."

ಭಾನುವಾರ ಆನಂದನೊಂದಿಗೆ ಬಾಗಲವಾಡಕ್ಕೆ ಹೋದಳು. ಅದೇ ಬದುವಿನ ಮೇಲೆ ತಾಯಿಯನ್ನು ನಿಲ್ಲಿಸಿ, ಕೈ ಚಾಚಿಸಿ, ನೆಲ ಆಕಾಶ ಕೂಡುವ ಅಂಚಿನಿಂದ ಮುಷ್ಟಿಯ ಮೇಲೆ ಮುಷ್ಟಿ ಇಡಿಸಿದಳು. ಗುಂಡು ಇದ್ದ ಜಾಗ ನಾಲ್ಕೂವರೆ ಮುಷ್ಟಿಗೆ ಬಂತು; ಒಂದು ಮುಷ್ಟಿಗೆ ಹತ್ತು ಡಿಗ್ರಿಯಂತೆ ನಲವತ್ತೈದು ಡಿಗ್ರಿ ಕೋನ.

"ಈಗ ದೇವದುರ್ಗಕ್ಕ ಹೋಗಿ ಅತ್ತಿ ಕಡಿಂದ ಹಿಂಗ ಅಳಸ್ತೀನಿ."

"ನಾನೂ ಬರ್ತೀನಿ," ಎಂದಳು ಗೋಪಮ್ಮ. "ಆಕಿ ಎಲ್ಲಿ ನಿಂತು ನೋಡ್ಯಾಳೋ ನೋಡಬೇಕು."

ಬಾಗಿಲಲ್ಲಿ ಬೀಗತಿಯನ್ನು ಕಂಡು ಮಾನಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಮೇಲೆ "ಬರ್ರಿ," ಎಂದು ನೀರು ತಂದಳು. ಚಹಾ ಕುಡಿದು ಎಲ್ಲರೂ ಮಾಳಿಗೆ ಹತ್ತಿದರು. ಮಾನಮ್ಮ ಬಾಗಲವಾಡವಿದ್ದ ದಕ್ಷಿಣಕ್ಕೆ ತಿರುಗಿ ಕೈ ಚಾಚಿದಳು. ಅವಳದೂ ನಾಲ್ಕೂವರೆಯ ಆಸುಪಾಸೇ. ಮೌನೇಶ್ವರಿ ಅಲ್ಲೇ ಇಟ್ಟಿಗೆ ಚೂರಿನಿಂದ ನೆಲದ ಮೇಲೆ ತ್ರಿಕೋನ ಬರೆದು, ಎರಡೂ ಊರುಗಳ ನಡುವಿನ ದೂರ ಹಿಡಿದು ಲೆಕ್ಕ ಮಾಡಿದಳು.

"ವಿಮಾನ ಹಾರೋದಕ್ಕಿಂತ ಎರಡು ಪಟ್ಟು ಎತ್ತರ! ಅಲ್ಲಿ ದೊಡ್ಡ ಬಲೂನ್ ತೇಲ್ತಾವ. ನೀವಿಬ್ರೂ ಖರೇನ ಹೇಳೀರಿ."

ಮಾನಮ್ಮ ಸೆರಗು ಸರಿಮಾಡಿಕೊಂಡಳು. "ಬಲೂನ್ ಅಂತೀ. ನಾ ಒಂದು ಮಾತು ಯಾರಿಗೂ ಹೇಳಿಲ್ಲ. ನಗಬ್ಯಾಡ್ರಿ ಮತ್ತ. ಹೊತ್ತು ಮುಳುಗೂ ಮುಂದ ಅದರ ಹೊಟ್ಟಿಯಿಂದ ಸಣ್ಣದೊಂದು ಗುಂಡು ಕೆಳಗ ಇಳೀತು."

ಗೋಪಮ್ಮ ಥಟ್ಟನೆ ಅವಳ ಕೈ ಹಿಡಿದಳು. "ಇಳದು, ಮತ್ತ ಮ್ಯಾಲ ಹೋಗಿ ಅದರಾಗ ಸೇರ್ಕೊಳ್ತು!"

"ಹೌದ್ರೀ! ನೀವೂ ಕಂಡ್ರಿ?"

"ಕಂಡೀನ್ರಿ. ನಮ್ಮ ಓಣಿಯವರಿಗೂ ಹೇಳಿಲ್ಲ, ಹುಚ್ಚಿ ಅಂದಾರಂತ."

ಮೌನೇಶ್ವರಿ ಇಟ್ಟಿಗೆ ಚೂರು ಕೆಳಗಿಟ್ಟಳು. ಬಲೂನಿನಿಂದ ಏನಾದರೂ ಬೀಳಬಹುದು. ಬಿದ್ದದ್ದು ತಾನೇ ಮೇಲೆ ಬಂದು ಸೇರಿಕೊಳ್ಳುವುದನ್ನು ಆಕೆ ಎಲ್ಲೂ ಓದಿರಲಿಲ್ಲ. ಅತ್ತೆಯನ್ನು ಕೆಳಗೆ ಕರೆದೊಯ್ದು ಕೇಳಿದಳು: ಹೇಗೆ ಇಳಿಯಿತು, ಹೇಗೆ ಏರಿತು? ಸರ್ರನೆ ಇಳಿಯಿತು, ಸಾವಕಾಶ ಏರಿತು ಎಂದಳು ಮಾನಮ್ಮ. ಮತ್ತೆ ಮಾಳಿಗೆ ಹತ್ತಿ ತಾಯಿಯನ್ನು ಬೇರೆಯಾಗಿ ಕೇಳಿದಳು.

"ಕಲ್ಲು ಒಗದಂಗ ಬಂತು. ಹೋಗೂ ಮುಂದ ಬಾವಿಯಿಂದ ಕೊಡ ಸೇದಿದಂಗ, ನಿಧಾನಕ."

ಬೇರೆ ಬೇರೆ ಕೇಳಿದರೂ ಇಬ್ಬರದೂ ಒಂದೇ ಮಾತು; ಮೌನೇಶ್ವರಿಯ ಬಲೂನಿಗೆ ಮಾತ್ರ ಅದು ಹೊಂದುತ್ತಿರಲಿಲ್ಲ. ಆಕೆ ಆನಂದನ ಮುಖ ನೋಡಿ ಜೋರಾಗಿ ನಕ್ಕಳು.

ಕೆಳಗೆ ಮಾನಮ್ಮ ಆಗಲೇ ಹಿಟ್ಟು ನಾದಲು ಕುಳಿತಿದ್ದಳು. "ಬೀಗತ್ಯಾರ, ಇವತ್ತ ವಸ್ತಿ ಇರ್ರಿ. ಸಂಜಿಗೆ ಇಬ್ರೂ ಕೂಡಿ ನೋಡೂಣು."

"ನಾಳಿ ಹತ್ತಿ ಬಿಡಸೋದದ," ಎಂದ ಗೋಪಮ್ಮ ಮಾತು ಮುಗಿಸುವ ಮೊದಲೇ ರೊಟ್ಟಿ ಬಡಿಯಲು ಒಲೆಯ ಮುಂದೆ ಕುಳಿತಾಗಿತ್ತು.

ಊಟ ಮಾಡಿ ಗಂಡ ಹೆಂಡತಿ ರಾಯಚೂರಿನ ಬಸ್ಸು ಹತ್ತಿದರು. ಕಿಟಕಿಯಾಚೆ ಹತ್ತಿ ಹೊಲಗಳ ಮೇಲೆ ಇಳಿಬಿಸಿಲು ಬಿದ್ದಿತ್ತು.

"ಹಂಗಾದ್ರ ಏನದು?" ಎಂದು ಕೇಳಿದ ಆನಂದ.

"ಗೊತ್ತಿಲ್ರೀ."

"ನಾಳಿ ಕ್ಲಾಸಿನಾಗ ಏನ್ ಹೇಳ್ತಿ?"

"ಎತ್ತರ ಗೊತ್ತಾತು ಅಂತೀನಿ. ಇಬ್ರು ಕಂಡಿದ್ದು ಒಂದ ಥರ ಅದ ಅಂತೀನಿ. ಮುಂದಿಂದು ಗೊತ್ತಿಲ್ಲ, ಕೂಡಿ ಹುಡುಕೂಣು ಅಂತೀನಿ."

ಆಕೆ ಕಿಟಕಿಯ ಗಾಜು ಸರಿಸಿ, ಗಾಳಿಗೆ ಮುಖವೊಡ್ಡಿ, ಆಕಾಶ ನೋಡುತ್ತ ಕುಳಿತಳು.