ಯಾರನ್ನೂ ಏನೂ ಕೇಳದ ಮರ್ವ್

ನನ್ನಪ್ಪ ಮರ್ವ್ ಕಾಡಿಗೆ ಹೊರಟಾಗಲೆಲ್ಲ ಏನಾದರೊಂದನ್ನು ಮನೆಯಲ್ಲೇ ಮರೆಯುತ್ತಾನೆ. ಒಮ್ಮೆ ಡೇರೆಯ ಕಂಬಗಳನ್ನು ಮರೆತಿದ್ದ. ಹೋದ ವರ್ಷ ಊಟದ ಪೆಟ್ಟಿಗೆಯನ್ನೇ ಅಡುಗೆಮನೆಯ ಮೇಜಿನ ಮೇಲೆ ಬಿಟ್ಟು ಹೋಗಿ, ಬಂದ ಮೇಲೆ ಹೊಳೆಯಲ್ಲಿ ಮೀನು ಹಿಡಿದು ತಿಂದೆ ಎಂದ. ಮೀನಂತೆ ಮೀನು! ಪ್ಯಾಂಟು ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಈ ಸಲ ಈಸ್ಟರ್ ರಜೆಗೆ ಮುಂಚೆಯೇ ಅಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

“ನೋಡು ಮರ್ವ್, ಈ ಸಲ ಒಂದೇ ಒಂದು ಸಾಮಾನು ಮರೆತ್ರೂ ಕಾರಿನ ಹಿಂದೆ ಕಟ್ಕೊಂಡು ಹೋಗೋ ಆ ಟ್ರೇಲರ್ ಮಾರಿಬಿಡ್ತೀನಿ. ಹಿಂದಿನ ಬೀದಿ ಡೆಸ್ಮಂಡ್ ಕೊಳ್ಳೋಕೆ ತುದಿಗಾಲಲ್ಲಿ ನಿಂತಿದ್ದಾನೆ. ವಯಸ್ಸು ಎಪ್ಪತ್ತು ದಾಟ್ತು. ಫೋನೂ ಸಿಗದ ಕಾಡಲ್ಲಿ ನೀನು ಹಸಿದು ಬಿದ್ದಿದ್ರೆ ನಂಗೆ ಯಾರು ಬಂದು ಹೇಳ್ತಾರೆ?”

“ಮರೆಯಲ್ಲ ಕಣೇ ಬೆರಿಲ್.”

“ನರೆಲ್ ಜೊತೆಗೆ ಬರ್ತಾಳೆ. ಅವಳು ಬಂದು ಹೇಳಿದ್ದೇ ಕೊನೆ.”

ನರೆಲ್ ಅಂದರೆ ನಾನು. ನನ್ನನ್ನು ಒಂದು ಮಾತು ಕೇಳಿದರೇ? ರಜೆಯಿಡೀ ಸೋಫಾದ ಮೇಲೆ ಬಿದ್ದುಕೊಂಡು ಹಬ್ಬದ ಚಾಕಲೇಟ್ ಮೊಟ್ಟೆ ತಿನ್ನೋಣ ಎಂದುಕೊಂಡಿದ್ದವಳು ನಾನು. ಈಗ ನನ್ನ ತಲೆಗೆ ನ್ಯಾಯಾಧೀಶರ ಪೇಟ ಕಟ್ಟಿ ಕಾಡಿಗೆ ಅಟ್ಟಿದರು.

ನಾವು ಹೋಗುವ ಜಾಗ ಬೆಟ್ಟದಾಚೆ, ತೊರೆ ದಾಟಿ, ಮಣ್ಣಿನ ದಾರಿ ಮುಗಿಯುವಲ್ಲಿದೆ. ಅಲ್ಲಿ ಬಾಡಿಗೆ ಇಲ್ಲ, ನಲ್ಲಿ ಇಲ್ಲ, ಕಕ್ಕಸೂ ಇಲ್ಲ. ನೀರು ಮನೆಯಿಂದ ತರಬೇಕು, ಕಸ ಮನೆಗೆ ಒಯ್ಯಬೇಕು, ಉಳಿದದ್ದಕ್ಕೆ ಮರದ ಮರೆಯಲ್ಲಿ ಗುಂಡಿ ತೋಡಿ ಮುಚ್ಚಬೇಕು. ಅಪ್ಪನಿಗೆ ಅಲ್ಲಿ ಎರಡೇ ಕಟ್ಟಳೆ. ಯಾರನ್ನೂ ಏನೂ ಕೇಳಬಾರದು. ಕೇಳಿಕೊಂಡು ಬಂದವನಿಗೆ ಇಲ್ಲ ಎನ್ನಬಾರದು.

ಡೇರೆ ಎದ್ದಿತು. ಕಂಬಗಳೂ ಇದ್ದವು! ಒಂದೊಂದು ಸಾಮಾನು ಇಳಿಸುವಾಗಲೂ ಅಪ್ಪ ನನ್ನ ಮೂಗಿನ ಮುಂದೆ ಹಿಡಿದು ತೋರಿಸಿದ. “ಬೆಂಕಿಪೆಟ್ಟಿಗೆ ಇದ್ಯಾ? ಇದೆ. ಚಹಾ ಇದ್ಯಾ? ಇದೆ. ಬರ್ಕೋ, ನ್ಯಾಯಾಧೀಶಮ್ಮ!” ಆಮೇಲೆ ಟ್ರೇಲರಿನ ತಳಕ್ಕೆ ಕೈಹಾಕಿ ತಡಕಾಡಿದವನು ತಟ್ಟನೆ ಕೈ ಈಚೆ ತೆಗೆದ. ನನ್ನನ್ನು ಸೌದೆ ಆಯಲು ಕಳಿಸಿದ. ನಾನು ಬರುವಷ್ಟರಲ್ಲಿ ಟ್ರೇಲರ್ ಖಾಲಿಯಾಗಿ, ಅಪ್ಪ ಅದರ ಅಡಿಯಲ್ಲಿ ಮಲಗಿ ಏನೋ ಹುಡುಕುತ್ತಿದ್ದ.

“ಏನಪ್ಪಾ?”

“ಚಕ್ರ ನೋಡ್ತಿದೀನಿ. ಎರಡೂ ಇವೆ.”

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಕೋಟಿನೊಳಗೆ ಏನನ್ನೋ ಮುಚ್ಚಿಟ್ಟುಕೊಂಡು ನೀಲಗಿರಿ ಮರಗಳ ಹಿಂದೆ ಮಾಯವಾಗುತ್ತಿದ್ದ. ತುಂಬ ಹೊತ್ತಿನ ಮೇಲೆ ಬೆವರು ಸುರಿಸುತ್ತ ಬಂದ. ಅಷ್ಟರಲ್ಲಿ ನನಗೂ ಅವಸರ.

“ಅಪ್ಪ, ಸಲಿಕೆ ಎಲ್ಲಿ?”

“ಸಲಿಕೆ ಯಾಕೆ?”

“ಬೆಳಗ್ಗೆ ಬೆಳಗ್ಗೆ ಕಾಡಲ್ಲಿ ಸಲಿಕೆ ಯಾಕೆ ಕೇಳ್ತಾರೆ? ಆಲೂಗಡ್ಡೆ ನೆಡೋಕಾ?”

“ನಿಂಗೆ ಅಂತ ಆಗ್ಲೇ ಒಂದು ಗುಂಡಿ ತೋಡಿದೀನಿ. ಬಿದ್ದ ಮರದ ಪಕ್ಕ. ಹೋಗು, ನನ್ನ ಚಿನ್ನ.”

ನಾನು ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಚಿನ್ನ ಎಂದವನಲ್ಲ. ಹೋಗಿ ನೋಡಿದೆ. ಚಹಾ ಬಟ್ಟಲಿನಷ್ಟು ದೊಡ್ಡ ಗುಂಡಿ! ಅಂಚು ದುಂಡಗೆ, ತಳ ನುಣ್ಣಗೆ. ಇಂಥ ಗುಂಡಿಯನ್ನು ಯಾವುದರಿಂದ ತೋಡಬಹುದು ಎಂದು ಯೋಚಿಸಿದ ಕೂಡಲೇ, ಹಿಂದಿನ ಸಂಜೆ ಮಾಂಸದ ಸಾರು ಬಡಿಸಿದ ಸೌಟು ಕಣ್ಣ ಮುಂದೆ ಬಂತು. ಅಯ್ಯೋ ದೇವರೇ! ಅಲ್ಲಿಂದ ಮನೆಗೆ ಬರುವ ತನಕ ನಾನು ಬಿಸ್ಕತ್ತು ಬಿಟ್ಟರೆ ಬೇರೇನೂ ತಿನ್ನಲಿಲ್ಲ.

ಅಂದು ಮಧ್ಯಾಹ್ನ ಲಾರಿಯಷ್ಟು ದೊಡ್ಡ ವ್ಯಾನೊಂದು ಬಂತು. ಒಂದು ದೇಶ ಕೂರಿಸುವಷ್ಟು ಕಾಡು ಖಾಲಿ ಬಿದ್ದಿದ್ದರೂ ಅದು ಬಂದು ನಿಂತದ್ದು ನಮ್ಮ ಡೇರೆಯ ಹಗ್ಗಕ್ಕೆ ತಾಗಿಕೊಂಡೇ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದರಿಂದ ವಾರಿಕ್ ಎಂಬ ದಪ್ಪ ಮನುಷ್ಯ ಇಳಿದ. ಫ್ರಿಜ್, ಟಿವಿ, ಕಾಫಿ ಯಂತ್ರ ಎಲ್ಲ ಇವೆಯೆಂದು ಹೇಳಿಕೊಂಡ. ಸ್ವಲ್ಪ ಹೊತ್ತಿಗೆ ಮೊಣಕಾಲು ಜೋಡಿಸಿಕೊಂಡು ಮತ್ತೆ ಬಂದ.

“ಗುರು, ಒಂದ್ ಸಲಿಕೆ ಇದ್ರೆ ಕೊಡ್ತೀಯಾ? ವ್ಯಾನಿನ ಕಕ್ಕಸು ಕಟ್ಕೊಂಡಿದೆ.”

ಅಪ್ಪ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಸಲಿಕೆ ಇಲ್ಲ ಎಂದರೆ ಮರೆತದ್ದು ನನ್ನೆದುರೇ ಬಯಲಾಗುತ್ತದೆ. ಕೊಡಲ್ಲ ಎನ್ನಲು ಕಟ್ಟಳೆ ಬಿಡದು. ಅಪ್ಪ ಗಂಭೀರವಾಗಿ ಕೋಟಿನೊಳಗೆ ಕೈಹಾಕಿ ತೆಗೆದುಕೊಟ್ಟ.

“ಇದು ಸೌಟು,” ಎಂದ ವಾರಿಕ್.

“ಹೌದು.”

“ನಾನ್ ಕೇಳಿದ್ದು ಸಲಿಕೆ.”

“ಚೆನ್ನಾಗಿ ಅಗೆಯುತ್ತೆ. ಸ್ವಲ್ಪ ತಾಳ್ಮೆ ಬೇಕು.”

“ತಾಳ್ಮೆ ಇದ್ದಿದ್ರೆ ನಿನ್ ಹತ್ರ ಯಾಕೋ ಬರ್ತಿದ್ದೆ, ಮಾರಾಯ!” ಎನ್ನುತ್ತ ವಾರಿಕ್ ಅದನ್ನೇ ಕಿತ್ತುಕೊಂಡು ಓಡಿದ.

ಓಡಿದವನು ಸೌಟನ್ನು ವಾಪಸು ತರಲಿಲ್ಲ. ಅವನ ಹೆಂಡತಿಗೂ ಬೇಕಾಗಿತ್ತು. ಮರುದಿನ ಬೆಳಿಗ್ಗೆ ಅದು ಅವರ ವ್ಯಾನಿನ ಕನ್ನಡಿಗೆ ನೇತುಬಿದ್ದಿತ್ತು. ಅಪ್ಪ ಅದನ್ನು ದೂರದಿಂದಲೇ ನೋಡುತ್ತ ಕೂತ.

“ಹೋಗಿ ಕೇಳಪ್ಪ,” ಎಂದೆ.

“ಯಾರನ್ನೂ ಏನೂ ಕೇಳಬಾರದು.”

“ಅದು ನಮ್ಮದೇ ಸೌಟು!”

“ಕೇಳೋದು ಅಂದ್ರೆ ಕೇಳೋದೇ.”

“ಸರಿ, ನಾನೇ ಕೇಳ್ತೀನಿ. ನನ್ ಕೈಲಿ ಇನ್ನು ತಡ್ಕೊಳ್ಳೋಕೆ ಆಗಲ್ಲ!”

“ಬೇಡ ಕಣೇ ನರೆಲ್.” ಅಪ್ಪನ ದನಿ ಒಮ್ಮೆಲೇ ಇಳಿಯಿತು. “ಸಲಿಕೆ ಮರೆತೆ. ಬೈಕೋ. ಆದ್ರೆ ಟ್ರೇಲರ್ ಹೋದ್ರೆ ನಾನು ಆ ಮನೇಲಿ ಕೂತು ಏನ್ ಮಾಡ್ಲಿ? ಏನೇನೋ ಮರೀತೀನಿ, ನಿಜ. ಇಲ್ಲಿಗೆ ಬರೋ ದಾರಿ ಒಂದ್ಸಲಾನೂ ಮರೆತಿಲ್ಲ. ಅದೊಂದು ಧೈರ್ಯ ನಂಗೆ.”

ಈ ಮುದುಕನ ಮೇಲೆ ಇಷ್ಟು ಸಿಟ್ಟು ಬಂದಿದ್ದಾಗಲೇ ಹೀಗೆ ಕರುಳು ಚುರುಕ್ಕೆನ್ನುವುದು ಎಂಥ ಅನ್ಯಾಯ! ತಗಡಿನ ಲೋಟ ಎತ್ತಿಕೊಂಡು ಮರಗಳ ಕಡೆ ನಡೆದೆ. ಅಮ್ಮನ ಮುಂದೆ ಹಸಿ ಸುಳ್ಳು ಹೇಳುವುದೆಂದು ಅಗೆಯುತ್ತಲೇ ತೀರ್ಮಾನಿಸಿದೆ.

ಮನೆಗೆ ಬಂದಾಗ ಅಮ್ಮ ಗೇಟಿನಲ್ಲೇ ನಿಂತಿದ್ದಳು. ಕೈಯಲ್ಲಿ ಸಲಿಕೆ. ನಾನು ಕಟ್ಟಿಕೊಂಡು ಬಂದ ಸುಳ್ಳೆಲ್ಲ ಗಂಟಲಲ್ಲೇ ಉಳಿಯಿತು. ಅಪ್ಪ ಕೆಳಗಿಳಿದು ಟೋಪಿ ತೆಗೆದ.

“ಮರೆತೆ ಬೆರಿಲ್. ಡೆಸ್ಮಂಡ್‌ಗೆ ಹೇಳಿಬಿಡು.”

“ಮರೆತದ್ದು ನೀನು ತಿರುವು ದಾಟೋ ಮುಂಚೆನೇ ಗೊತ್ತಾಯ್ತು!” ಅಮ್ಮ ಸಿಡಿದಳು. “ಇದನ್ನ ಹಾಕ್ಕೊಂಡು ಹಿಂದೇನೇ ಬಂದೆ. ತೊರೆ ತನಕ ಹಾರ್ನ್ ಹೊಡೆದೆ, ಹೊಡೆದೆ. ನಿಂತ್ರಾ ನೀವು?”

“ಅದು ನೀನಾ? ಯಾರೋ ಪೇಟೆಯ ಪೆದ್ದ ಅಂದ್ಕೊಂಡು ಇನ್ನೂ ಜೋರಾಗಿ ಓಡಿಸ್ದೆ.”

“ತೊರೆ ಕೆಸರಲ್ಲಿ ನನ್ ಕಾರು ಹೂತೇ ಹೋಯ್ತು. ಇದೇ ಸಲಿಕೆಯಿಂದ ಚಕ್ರದ ಸುತ್ತ ಅಗೆದು ಈಚೆ ತಂದೆ. ಸೊಂಟ ಬಿದ್ದೋಯ್ತು!”

ಅಪ್ಪ ಅಮ್ಮನನ್ನೇ ಬಿಟ್ಟ ಕಣ್ಣು ಮುಚ್ಚದೆ ನೋಡಿದ. “ಒಬ್ಬಳೇ? ಯಾರನ್ನೂ ಕೇಳ್ಲಿಲ್ವಾ?”

“ಕೇಳೋಕೆ ಅಲ್ಲಿ ಯಾರಿದ್ರು, ನಿನ್ ತಲೆ! ಟ್ರೇಲರ್ ಮಾರ್ತೀನಿ ಅಂದೋಳೇ ನಿಂಗೆ ಸಲಿಕೆ ಕೊಡೋಕೆ ಕಾಡಿಗೆ ಓಡಿದ್ಳು ಅಂದ್ರೆ ಊರವರು ನಗ್ತಾರೆ ಅಂತ ಡೆಸ್ಮಂಡ್‌ಗೂ ಬಾಯಿ ಬಿಟ್ಟಿಲ್ಲ. ಮಾರಲ್ಲ ಅಂತ ಮಾತ್ರ ಹೇಳ್ದೆ.”

ನಲವತ್ತು ವರ್ಷ ಕಾಡಿಗೆ ಹೋಗಿ ಅಪ್ಪ ಕಲಿಯಬೇಕಾದದ್ದನ್ನು ಹೆಂಡತಿ ಒಂದೇ ಮಧ್ಯಾಹ್ನ ಮಾಡಿ ಮುಗಿಸಿದ್ದಳು. ಅವನು ಅವಳ ಸೊಂಟಕ್ಕೆ ಕೈ ಆಸರೆ ಕೊಟ್ಟು, “ಮುಂದಿನ ಸಲ ನೀನೇ ಬಂದ್ಬಿಡು. ಈ ನರೆಲ್ ಬರೀ ಗೊಣಗ್ತಾಳೆ,” ಎಂದ.

“ಅವಳು ಊಟಾನೂ ಮಾಡಿಲ್ಲ ಅನ್ಸುತ್ತೆ, ನೋಡು ಮುಖ ಹೇಗಾಗಿದೆ,” ಎಂದಳು ಅಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ಆತುಕೊಂಡು ಒಳಗೆ ಹೋದರು. ಟ್ರೇಲರಿನ ಸಾಮಾನನ್ನೆಲ್ಲ ನಾನೊಬ್ಬಳೇ ಇಳಿಸಿದೆ.